ಹೊರ ಮೈಕಿನಲ್ಲಿ ಹಾಡು ಮುದ್ರಿಸುವಾಗ ದನಿ ಎಲ್ಲಿ ತಪ್ಪುತ್ತದೆ: ದೋಷ ಹುಡುಕುವ ಕ್ರಮ

ಕಳೆದ ಬೇಸಿಗೆಯಲ್ಲಿ ಸಿಂಧನೂರಿನ ನಮ್ಮ ಮನೆಯ ಹಿಂದಿನ ಕೋಣೆಗೆ, ಹತ್ತಿರದ ಹಳ್ಳಿಯ ಭಜನಾ ಮಂಡಳಿಯ ಹಿರಿಯರೊಬ್ಬರು ತತ್ವಪದಗಳನ್ನು ಮುದ್ರಿಸಲು ಬಂದಿದ್ದರು. ಮೇಜಿನ ಮೇಲೆ ಹೊಸ ಮೈಕು, ಎದುರಿಗೆ ಲ್ಯಾಪ್‌ಟಾಪು, ಪರದೆಯ ಮೇಲೆ ದನಿಯ ಮಟ್ಟ ತೋರಿಸುತ್ತ ಏರಿಳಿಯುವ ಹಸಿರು ಪಟ್ಟಿ. ಎಲ್ಲವೂ ಸರಿಯಿದೆ ಎಂದುಕೊಂಡು ನಲವತ್ತು ನಿಮಿಷ ಅವರನ್ನು ಹಾಡಿಸಿದೆ. ಆಮೇಲೆ ಹೆಡ್‌ಫೋನು ಹಾಕಿಕೊಂಡು ಕೇಳಿದ ಅವರು, "ತಮ್ಮಾ, ನನ್ನ ದನಿ ಬಾವ್ಯಾಗಿಂದ ಬಂದಂಗ ಕೇಳಾಕತ್ತೈತಲ್ಲೋ, ಫ್ಯಾನಿನ ಸಪ್ಪಳ ನನಗಿಂತ ಚಲೋ ಹಾಡೈತಿ ನೋಡು" ಎಂದರು. ಹೊಸ ಮೈಕಿನಲ್ಲಿ ಯಾವ ದೋಷವೂ ಇರಲಿಲ್ಲ. ಕಂಪ್ಯೂಟರು ಅದನ್ನು ಪಕ್ಕಕ್ಕಿಟ್ಟು, ತನ್ನ ಪರದೆಯ ಅಂಚಿನಲ್ಲಿರುವ ಸೂಜಿ ತೂತಿನಷ್ಟು ಚಿಕ್ಕ ಮೈಕಿನಿಂದ ಅಷ್ಟು ಹೊತ್ತೂ ಕೇಳಿಸಿಕೊಂಡಿತ್ತು. ಹಿರಿಯರು ಒಂದು ಲೋಟ ಚಹಾ ಕುಡಿದು ಎಲ್ಲವನ್ನೂ ಮತ್ತೆ ಹಾಡಿಕೊಟ್ಟರು. ಎಲ್ಲ ಗಾಯಕರೂ ಅಷ್ಟು ದೊಡ್ಡ ಮನಸ್ಸಿನವರಾಗಿರುತ್ತಾರೆ ಎಂದು ನಂಬಿಕೊಂಡು ಕೂರುವಂತಿಲ್ಲ.

ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಭಾಗದ ರೈತರಿಗೆ ಈ ಹುಡುಕಾಟದ ಕ್ರಮವನ್ನು ಹೊಸದಾಗಿ ಹೇಳಿಕೊಡಬೇಕಿಲ್ಲ. ಗದ್ದೆಗೆ ನೀರು ಬಾರದಿದ್ದರೆ ಅವರು ಮೊದಲು ತಮ್ಮ ತೂಬನ್ನು ನೋಡುತ್ತಾರೆ, ನಂತರ ವಿತರಣಾ ಕಾಲುವೆಯನ್ನು, ಅದರ ನಂತರ ಮುಖ್ಯ ಕಾಲುವೆಯಲ್ಲಿ ನೀರಿನ ಮಟ್ಟ ತೋರಿಸುವ ಗೇಜನ್ನು ನೋಡುತ್ತಾರೆ; ಎಲ್ಲಿಯವರೆಗೆ ನೀರಿದೆ, ಎಲ್ಲಿಂದ ಇಲ್ಲ ಎಂಬುದು ತಿಳಿದ ಕೂಡಲೇ ಅಡ್ಡಿ ಎಲ್ಲಿದೆ ಎಂಬುದೂ ತಿಳಿಯುತ್ತದೆ. ಹಾಡುವವರ ದನಿಯೂ ಹೀಗೆಯೇ ಮೈಕು, ತಂತಿ, ಸಾಕೆಟ್ಟು ಅಥವಾ ಇಂಟರ್‌ಫೇಸು (ಮೈಕಿನ ದನಿಯನ್ನು ಹಿಗ್ಗಿಸಿ ಕಂಪ್ಯೂಟರಿಗೆ ಒಪ್ಪಿಸುವ ಪುಟ್ಟ ಪೆಟ್ಟಿಗೆ), ಕಂಪ್ಯೂಟರಿನ ಸೌಂಡ್ ಸೆಟ್ಟಿಂಗು, ಕೊನೆಗೆ ಮುದ್ರಣದ ತಂತ್ರಾಂಶ ಎಂಬ ಐದು ಕಡೆ ಹಾದು ಹೋಗುತ್ತದೆ. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ ಪರೀಕ್ಷಿಸಬೇಕು. ತಂತಿಯನ್ನೂ ಸೆಟ್ಟಿಂಗನ್ನೂ ಒಟ್ಟಿಗೆ ಬದಲಿಸಿದವರಿಗೆ ದನಿ ಬಂದರೂ ಯಾವುದರಿಂದ ಬಂತು ಎಂಬುದು ಗೊತ್ತಾಗುವುದಿಲ್ಲ, ಮುಂದಿನ ವಾರ ಅದೇ ತೊಂದರೆ ಬಂದಾಗ ಮತ್ತೆ ಮೊದಲಿನಿಂದ ಹುಡುಕಬೇಕಾಗುತ್ತದೆ.

ಮೊದಲ ಹೆಜ್ಜೆ: ಕಂಪ್ಯೂಟರು ಯಾವ ಮೈಕಿನಿಂದ ಕೇಳುತ್ತಿದೆ?

ಮುದ್ರಣವನ್ನು ಆರಂಭಿಸಿ, ಮೊದಲು ಹೊರ ಮೈಕಿನ ಜಾಲರಿಯನ್ನು ಉಗುರಿನಿಂದ ಮೆಲ್ಲಗೆ ಕೆರೆಯಿರಿ, ನಂತರ ಲ್ಯಾಪ್‌ಟಾಪಿನ ಪರದೆಯ ಮೇಲಂಚನ್ನೂ ಕೀಲಿಮಣೆಯ ಸುತ್ತಲನ್ನೂ ಹಾಗೆಯೇ ಕೆರೆಯಿರಿ. ಯಾವ ಕಡೆ ಕೆರೆದಾಗ ಪಟ್ಟಿ ಜೋರಾಗಿ ನೆಗೆಯುತ್ತದೆಯೋ ಆ ಕಡೆಯ ಮೈಕು ಕೆಲಸ ಮಾಡುತ್ತಿದೆ ಎಂದರ್ಥ. ಸಭೆ ಸಮಾರಂಭಗಳಲ್ಲಿ ಮೈಕಿಗೆ ಉಫ್ ಎಂದು ಊದಿ ಪರೀಕ್ಷಿಸುವ ಅಭ್ಯಾಸ ನಮ್ಮಲ್ಲಿದೆ. ಅದರಿಂದ ಉಗುಳಿನ ಹನಿಯೂ ತೇವವೂ ಮೈಕಿನ ತೆಳುಪೊರೆಗೆ ತಗಲುವುದರಿಂದ ಮನೆಯ ಕೋಣೆಯಲ್ಲಿ ಆ ಅಭ್ಯಾಸವನ್ನು ಬಿಡುವುದು ಲೇಸು. ಬರೀ "ಹಲೋ, ಹಲೋ" ಎಂದು ನೋಡಿದರೂ ಪ್ರಯೋಜನವಿಲ್ಲ, ಏಕೆಂದರೆ ಕೋಣೆಯಲ್ಲಿ ಆಡಿದ ಮಾತು ಎರಡೂ ಮೈಕುಗಳಿಗೆ ಕೇಳಿಸುತ್ತದೆ. ನಾನು ಮೋಸಹೋದದ್ದೂ ಹಾಗೆಯೇ.

ವಿಂಡೋಸ್ ಇರುವ ಕಂಪ್ಯೂಟರಿನಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ಸೌಂಡ್ ಎಂಬ ದಾರಿಯಲ್ಲಿ ಹೋದರೆ ಇನ್‌ಪುಟ್ ಎಂಬ ಭಾಗದಲ್ಲಿ ಜೋಡಿಸಿರುವ ಮೈಕುಗಳೆಲ್ಲ ಕಾಣುತ್ತವೆ. ಅಲ್ಲಿ ನಿಮ್ಮ ಹೊರ ಮೈಕನ್ನೇ ಆಯ್ದುಕೊಳ್ಳಿ. ಹೆಸರುಗಳೆಲ್ಲ ಒಂದೇ ತೆರನಾಗಿದ್ದು ಗೊಂದಲವಾದರೆ, ಹಳೆಯ ಕಂಟ್ರೋಲ್ ಪ್ಯಾನೆಲಿನ ಸೌಂಡ್ ಕಿಟಕಿಯ ರೆಕಾರ್ಡಿಂಗ್ ಪುಟದಲ್ಲಿ ಆಯಾ ಮೈಕಿನ ಪ್ರಾಪರ್ಟೀಸ್ ತೆರೆದು ಅದರ ಹೆಸರನ್ನೇ ಬದಲಿಸಬಹುದು. ನನ್ನ ಕಂಪ್ಯೂಟರಿನಲ್ಲಿ ಒಂದಕ್ಕೆ "ಹಾಡು" ಎಂದೂ ಇನ್ನೊಂದಕ್ಕೆ "ಬೇಡ" ಎಂದೂ ಹೆಸರಿಟ್ಟ ಮೇಲೆ ಈ ತಪ್ಪು ಮರುಕಳಿಸಿಲ್ಲ. ಇಷ್ಟಾದರೂ ಆಡಾಸಿಟಿಯಂಥ ತಂತ್ರಾಂಶಗಳು ತಮ್ಮದೇ ಆಯ್ಕೆಯನ್ನು ಬೇರೆಯಾಗಿ ನೆನಪಿಟ್ಟುಕೊಳ್ಳುವುದರಿಂದ, ಅಲ್ಲಿನ ಆಡಿಯೋ ಸೆಟಪ್ ಗುಂಡಿಯನ್ನೊತ್ತಿ ರೆಕಾರ್ಡಿಂಗ್ ಡಿವೈಸ್ ಯಾವುದಿದೆ ಎಂದು ಇನ್ನೊಮ್ಮೆ ನೋಡಲೇಬೇಕು. ಆಡಾಸಿಟಿಯನ್ನು ತೆರೆದ ಮೇಲೆ ಯುಎಸ್‌ಬಿ ಮೈಕನ್ನು ಚುಚ್ಚಿದ್ದರೆ ಅದು ಪಟ್ಟಿಯಲ್ಲಿ ಕಾಣದಿರಬಹುದು; ರೀಸ್ಕ್ಯಾನ್ ಆಡಿಯೋ ಡಿವೈಸಸ್ ಎಂಬುದನ್ನು ಒತ್ತಿದರೆ ಅಥವಾ ತಂತ್ರಾಂಶವನ್ನು ಮುಚ್ಚಿ ತೆರೆದರೆ ಕಾಣಿಸುತ್ತದೆ.

ಆಯ್ಕೆ ಸರಿಯಿದ್ದೂ ಪಟ್ಟಿ ಅಲುಗಾಡದೆ ಸತ್ತಂತೆ ಬಿದ್ದಿದ್ದರೆ ಅನುಮತಿಯನ್ನು ನೋಡಿ. ಸೆಟ್ಟಿಂಗ್ಸಿನ ಪ್ರೈವಸಿ ವಿಭಾಗದಲ್ಲಿರುವ ಮೈಕ್ರೊಫೋನ್ ಪುಟದಲ್ಲಿ ಮೈಕಿನ ಒಟ್ಟಾರೆ ಅನುಮತಿಯ ಜೊತೆಗೆ, ಡೆಸ್ಕ್‌ಟಾಪ್ ಆ್ಯಪ್‌ಗಳಿಗೆ ಅನುಮತಿ ಕೊಡುವ ಇನ್ನೊಂದು ಗುಂಡಿ ತೀರ ಕೆಳಗಿರುತ್ತದೆ. ಮುದ್ರಣದ ತಂತ್ರಾಂಶಗಳಲ್ಲಿ ಹೆಚ್ಚಿನವು ಈ ಎರಡನೆಯ ಗುಂಡಿಯ ಅಧೀನದಲ್ಲಿರುವುದರಿಂದ ಮೇಲಿನದೊಂದನ್ನೇ ತೆರೆದರೆ ಸಾಲದು. ಮ್ಯಾಕ್ ಬಳಸುವವರಿಗೂ ಪ್ರೈವಸಿ ವಿಭಾಗದಲ್ಲೇ ಮೈಕ್ರೊಫೋನ್ ಪಟ್ಟಿ ಸಿಗುತ್ತದೆ. ಅಲ್ಲಿ ತಂತ್ರಾಂಶದ ಹೆಸರಿನ ಮುಂದೆ ಅನುಮತಿ ಇರಬೇಕು. ಕೆಲವು ಲ್ಯಾಪ್‌ಟಾಪುಗಳ ಕೀಲಿಮಣೆಯಲ್ಲಿ ಮೈಕು ಮುಚ್ಚುವ ಕೀಲಿಯೂ, ಹಲವು ಯುಎಸ್‌ಬಿ ಮೈಕುಗಳ ಮೈಮೇಲೆ ಮ್ಯೂಟ್ ಗುಂಡಿಯೂ ಇರುತ್ತವೆ. ಮನೆಯ ಮಕ್ಕಳ ಬೆರಳು ಮೊದಲು ಹೋಗುವುದು ಅಲ್ಲಿಗೇ.

ಎರಡನೆಯ ಹೆಜ್ಜೆ: ಪ್ಲಗ್ಗು ಮತ್ತು ಸಾಕೆಟ್ಟಿನ ಹೊಂದಾಣಿಕೆ

ಅಂಗಿಗೆ ಸಿಕ್ಕಿಸುವ ಕಾಲರ್ ಮೈಕಿನ ಪ್ಲಗ್ಗನ್ನು ಬೆಳಕಿಗೆ ಹಿಡಿದು ಅದರ ಮೇಲಿನ ಕಪ್ಪು ಉಂಗುರಗಳನ್ನು ಎಣಿಸಿ. ಮೂರು ಉಂಗುರಗಳಿದ್ದರೆ ಅದು ಮೊಬೈಲಿಗೂ ಒಂದೇ ತೂತಿರುವ ಲ್ಯಾಪ್‌ಟಾಪಿಗೂ ಹೊಂದುವ ಟಿಆರ್‌ಆರ್‌ಎಸ್ ಪ್ಲಗ್ಗು. ಎರಡೇ ಇದ್ದರೆ ಅದು ಕ್ಯಾಮೆರಾಕ್ಕೂ ಹಳೆಯ ಡೆಸ್ಕ್‌ಟಾಪಿನ ಗುಲಾಬಿ ಬಣ್ಣದ ಮೈಕ್ ಸಾಕೆಟ್ಟಿಗೂ ಹೊಂದುವ ಟಿಆರ್‌ಎಸ್ ಪ್ಲಗ್ಗು. ಎರಡೂ 3.5 ಮಿಲಿಮೀಟರ್ ದಪ್ಪವಿದ್ದು ಯಾವ ತೂತಿಗಾದರೂ ಸಲೀಸಾಗಿ ಇಳಿಯುವುದರಿಂದ, ಪ್ಲಗ್ಗು ಕೂತಿದೆ ಎಂದ ಮಾತ್ರಕ್ಕೆ ಮೈಕು ಜೋಡಣೆಯಾಗಿದೆ ಎಂದು ಭಾವಿಸುವಂತಿಲ್ಲ. ಎರಡುಂಗುರದ ಪ್ಲಗ್ಗನ್ನು ಒಂಟಿ ತೂತಿನ ಲ್ಯಾಪ್‌ಟಾಪಿಗೆ ಚುಚ್ಚಿದರೆ ಲ್ಯಾಪ್‌ಟಾಪು ಅದನ್ನು ಹೆಡ್‌ಫೋನೆಂದು ತಿಳಿದು ಒಳಮೈಕನ್ನೇ ಬಳಸುತ್ತ ಹೋಗುತ್ತದೆ. ಮೈಕಿಗೂ ಹೆಡ್‌ಫೋನಿಗೂ ಬೇರೆ ಬೇರೆ ತೂತಿರುವ ಒಂದು ಸ್ಪ್ಲಿಟರನ್ನೋ, ಅದಕ್ಕಿಂತ ಮೇಲಾಗಿ ಯುಎಸ್‌ಬಿಗೆ ಚುಚ್ಚುವ ಪುಟ್ಟ ಸೌಂಡ್ ಕಾರ್ಡನ್ನೋ ಕೊಂಡರೆ ಈ ಗೋಜು ಮುಗಿಯುತ್ತದೆ.

ಇನ್ನೊಂದು ತಪ್ಪು ನಮ್ಮ ಭಾಗದಲ್ಲಿ ಬಹಳ ಸಾಮಾನ್ಯವಾಗಿದೆ. ಜಾತ್ರೆಯ ವೇದಿಕೆಗೆ, ಬಯಲಾಟಕ್ಕೆ, ದೇವಸ್ಥಾನದ ಭಜನೆಗೆ ಬಳಸುವ ಕೈಮೈಕು ಮನೆಯಲ್ಲಿರುತ್ತದೆ. ಅದರ ತಂತಿಯ ತುದಿಯಲ್ಲಿ ಆಂಪ್ಲಿಫೈಯರಿಗೆ ಹೋಗುವ ದಪ್ಪನೆಯ ಕಾಲಿಂಚಿನ ಪಿನ್ನು ಇರುತ್ತದೆ. ಅಂಗಡಿಯಲ್ಲಿ ಸಿಗುವ ಒಂದು ಕನ್ವರ್ಟರ್ ಹಾಕಿ ಅದನ್ನೇ ಲ್ಯಾಪ್‌ಟಾಪಿಗೆ ಜೋಡಿಸಿದರೆ ದನಿ ಸಣ್ಣಗೆ ಕೇಳುತ್ತದೆ, ಅದನ್ನು ಹೆಚ್ಚಿಸಿದರೆ ಸುಯ್ ಎನ್ನುವ ಸದ್ದೂ ಅಷ್ಟೇ ಹೆಚ್ಚುತ್ತದೆ. ಹೊರಗಿನ ವಿದ್ಯುತ್ತಿಲ್ಲದೆ ಕೆಲಸ ಮಾಡುವ ಇಂಥ ಡೈನಮಿಕ್ ಮೈಕುಗಳು ಹುಟ್ಟಿಸುವ ಸಂಕೇತವು ಒಂದೆರಡು ಮಿಲಿವೋಲ್ಟಿನ ಆಸುಪಾಸಿನದು. 1966ರಿಂದ ಜಗತ್ತಿನ ವೇದಿಕೆಗಳಲ್ಲೆಲ್ಲ ಕಾಣಸಿಗುವ ಶೂರ್ ಎಸ್‌ಎಂ58 ಕೂಡ ಈ ಜಾತಿಯದೇ. ಅದನ್ನು ಎತ್ತಿ ಕೊಡಲು 50ರಿಂದ 60 ಡೆಸಿಬೆಲ್‌ಗಳಷ್ಟು ಶುದ್ಧವಾದ ವರ್ಧನೆ ಬೇಕು, ಆ ಶಕ್ತಿ ಲ್ಯಾಪ್‌ಟಾಪಿನ ಸಾಕೆಟ್ಟಿಗೆ ಇಲ್ಲ. ಎಕ್ಸ್‌ಎಲ್‌ಆರ್ ಎಂಬ ಮೂರು ಪಿನ್ನಿನ ಸಾಕೆಟ್ಟಿರುವ ಯುಎಸ್‌ಬಿ ಇಂಟರ್‌ಫೇಸೊಂದರ ಮೂಲಕ ಅದೇ ಮೈಕನ್ನು ಜೋಡಿಸಿದರೆ ಅದು ಬೇರೆಯದೇ ಮೈಕೆಂಬಂತೆ ಕೇಳುತ್ತದೆ.

ಇದೇ ತೆರನಾದ ತಂತಿಯಿಂದ ಇನ್ನೊಂದು ಚೋದ್ಯವೂ ಹುಟ್ಟುತ್ತದೆ. ಹೆಡ್‌ಫೋನಿನಲ್ಲಿ ಕೇಳಿದರೆ ಹಾಡು ಚೆನ್ನಾಗಿದೆ, ಮೊಬೈಲಿನ ಸ್ಪೀಕರಿನಲ್ಲಿ ಹಾಕಿದರೆ ಗಾಯಕರ ದನಿಯೇ ಮಾಯ! ಎಕ್ಸ್‌ಎಲ್‌ಆರ್ ಮೈಕಿನ ಎರಡನೆಯ ಮತ್ತು ಮೂರನೆಯ ಪಿನ್ನುಗಳಲ್ಲಿ ಒಂದೇ ದನಿ ಪರಸ್ಪರ ವಿರುದ್ಧ ದಿಕ್ಕಿನಲ್ಲಿ ಹರಿಯುತ್ತಿರುತ್ತದೆ, ಮೊದಲ ಪಿನ್ನು ನೆಲಕ್ಕೆ ಸೇರಿದ್ದು. ತಪ್ಪು ತಂತಿಯೊಂದು ಈ ಎರಡನ್ನು ಎಡ ಬಲ ಚಾನೆಲ್‌ಗಳಾಗಿ ಮಾಡಿ ಸ್ಟೀರಿಯೋ ಸಾಕೆಟ್ಟಿಗೆ ಒಪ್ಪಿಸಿದರೆ, ಎರಡು ಕಿವಿಗೆ ಬೇರೆ ಬೇರೆಯಾಗಿ ಹೋಗುವಾಗ ತೊಂದರೆ ತಿಳಿಯುವುದಿಲ್ಲ. ಒಂದೇ ಸ್ಪೀಕರಿನಲ್ಲಿ ಎರಡೂ ಕೂಡಿದಾಗ ಒಂದನ್ನೊಂದು ಅಳಿಸಿಹಾಕುತ್ತವೆ. ಹೀಗೆ ಮುದ್ರಣವಾಗಿಹೋಗಿದ್ದರೆ ಗಾಬರಿಪಡದೆ ಎಡ ಅಥವಾ ಬಲ ಚಾನೆಲ್ಲೊಂದನ್ನು ಅಳಿಸಿ, ಉಳಿದದ್ದನ್ನು ಮೋನೋ, ಅಂದರೆ ಒಂದೇ ಚಾನೆಲ್ಲಿನ ದನಿ, ಮಾಡಿಕೊಳ್ಳಿ. ಹಾಡು ಪೂರ್ತಿ ಮರಳಿ ಸಿಗುತ್ತದೆ.

ಯುಎಸ್‌ಬಿ ಮೈಕು ಅಥವಾ ಇಂಟರ್‌ಫೇಸು ಕಂಪ್ಯೂಟರಿಗೆ ಕಾಣದೇ ಇದ್ದರೆ ಮೊದಲು ಅನುಮಾನಿಸಬೇಕಾದದ್ದು ತಂತಿಯನ್ನು. ಮೊಬೈಲು ಚಾರ್ಜ್ ಮಾಡಲು ಕೊಡುವ ಕೆಲವು ಕೇಬಲ್‌ಗಳಲ್ಲಿ ವಿದ್ಯುತ್ತು ಹರಿಯುವ ಎಳೆಗಳು ಮಾತ್ರ ಇರುತ್ತವೆ, ಮಾಹಿತಿ ಸಾಗುವ ಎಳೆಗಳೇ ಇರುವುದಿಲ್ಲ. ಮೈಕಿನ ದೀಪ ಉರಿಯುತ್ತದೆ, ಕಂಪ್ಯೂಟರಿಗೆ ಮಾತ್ರ ಅದರ ಸುಳಿವೂ ಸಿಗುವುದಿಲ್ಲ. ಹಬ್ ಬಳಸದೆ ನೇರವಾಗಿ ಚುಚ್ಚಿ, ಡೆಸ್ಕ್‌ಟಾಪಾದರೆ ಹಿಂಬದಿಯ ಸಾಕೆಟ್ಟಿಗೆ ಚುಚ್ಚಿ ನೋಡಿ. ಹಾಡಿನ ನಡುವೆಯೇ ಮೈಕು ಕಳಚಿಕೊಂಡಂತೆ ಆಗುತ್ತಿದ್ದರೆ, ಪವರ್ ಆಪ್ಷನ್ಸ್‌ನಲ್ಲಿ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಎಂಬ ವಿದ್ಯುತ್ ಉಳಿತಾಯದ ವ್ಯವಸ್ಥೆಯನ್ನು ನಿಲ್ಲಿಸಿರಿ.

ಮೂರನೆಯ ಹೆಜ್ಜೆ: ಮೈಕಿನ ಜಾತಿ, ಮೈಕಿನ ಮುಖ

ಸ್ಟುಡಿಯೋಗಳಲ್ಲಿ ಕಾಣುವ ದಪ್ಪ ತಲೆಯ ಎಕ್ಸ್‌ಎಲ್‌ಆರ್ ಕಂಡೆನ್ಸರ್ ಮೈಕುಗಳಿಗೆ ಕೆಲಸ ಮಾಡಲು ಮೈಕಿನ ತಂತಿಯಲ್ಲೇ ಕಳಿಸುವ 48 ವೋಲ್ಟಿನ ವಿದ್ಯುತ್ತು, ಅಂದರೆ ಫ್ಯಾಂಟಮ್ ಪವರ್ ಬೇಕು. ಇಂಟರ್‌ಫೇಸಿನ ಮೇಲೆ 48ವಿ ಎಂದು ಬರೆದ ಗುಂಡಿ ಇರುತ್ತದೆ. ಗೇನನ್ನೂ (ಮೈಕಿನ ದನಿಯನ್ನು ಎಷ್ಟು ಹಿಗ್ಗಿಸಬೇಕೆಂಬ ಅಳತೆ) ಹೆಡ್‌ಫೋನಿನ ದನಿಯನ್ನೂ ತಗ್ಗಿಸಿಕೊಂಡು ಅದನ್ನೊತ್ತಿ, ಕೆಲವು ಸೆಕೆಂಡು ಕಾದು, ನಂತರ ಗೇನ್ ಏರಿಸಬೇಕು. ಸಮತೋಲಿತ (ದನಿಗೆ ಎರಡು ಎಳೆ, ನೆಲಕ್ಕೆ ಒಂದು ಎಳೆ ಇರುವ) ಎಕ್ಸ್‌ಎಲ್‌ಆರ್ ತಂತಿಯಲ್ಲಿ ಜೋಡಿಸಿದ ಡೈನಮಿಕ್ ಮೈಕಿಗೆ ಈ ವಿದ್ಯುತ್ತಿನ ಅಗತ್ಯವೂ ಇಲ್ಲ, ಅದರಿಂದ ಹಾನಿಯೂ ಇಲ್ಲ. ಆನ್‌ಲೈನಿನಲ್ಲಿ ಕಡಿಮೆ ಬೆಲೆಗೆ ಸ್ಟ್ಯಾಂಡು, ಸ್ಪಂಜು, ಜಾಲರಿ ಸಮೇತ ಬರುವ ಕಿಟ್ಟುಗಳಲ್ಲಿ ಹೆಚ್ಚಾಗಿ ಎಕ್ಸ್‌ಎಲ್‌ಆರ್‌ನಿಂದ 3.5 ಮಿಲಿಮೀಟರಿಗೆ ಇಳಿಯುವ ತಂತಿಯನ್ನು ಕೊಟ್ಟಿರುತ್ತಾರೆ. ಕಂಪ್ಯೂಟರಿನ ಸಾಕೆಟ್ಟು ಕೊಡುವುದು ಕೆಲವೇ ವೋಲ್ಟು. ಅಷ್ಟರಲ್ಲಿ ಆ ಮೈಕು ಕುಂಟುತ್ತ ನಡೆಯುತ್ತದೆ. "ಮೈಕು ಚಲೋ ಇಲ್ಲ" ಎಂದು ಅದನ್ನು ಅಟ್ಟಕ್ಕೆಸೆಯುವ ಮುನ್ನ ಒಮ್ಮೆ ಯಾರದಾದರೂ ಇಂಟರ್‌ಫೇಸನ್ನು ಎರವಲು ತಂದು 48 ವೋಲ್ಟ್ ಕೊಟ್ಟು ಕೇಳಿ ನೋಡಬೇಕು.

ಇನ್ನು ಮುಖದ ಮಾತು. ಕೈಮೈಕಿಗೆ ತುದಿಯೇ ಮುಖ. ದಪ್ಪ ತಲೆಯ ಕಂಡೆನ್ಸರ್ ಮೈಕುಗಳಲ್ಲಿ ಹೆಚ್ಚಿನವಕ್ಕೆ ಒಂದು ಪಕ್ಕವೇ ಮುಖ. ತಯಾರಕರ ಗುರುತು ಅಥವಾ ಹೃದಯದಾಕಾರದ ಚಿಹ್ನೆ ಇರುವ ಆ ಪಕ್ಕ ಹಾಡುವವರ ಬಾಯಿಗೆ ಎದುರಾಗಿರಬೇಕು. ವೇದಿಕೆಯಲ್ಲಿ ಹಾಡಿ ಅಭ್ಯಾಸವಿರುವವರು ಇದರ ನೆತ್ತಿಗೆ ಬಾಯಿಟ್ಟು ಹಾಡುತ್ತಾರೆ, ಇಲ್ಲವೇ ಸ್ಟ್ಯಾಂಡು ತಿರುಗಿ ಹೋಗಿ ಮೈಕಿನ ಬೆನ್ನಿಗೆ ಹಾಡುತ್ತಾರೆ. ದನಿ ದೂರದಲ್ಲಿದ್ದಂತೆಯೂ ಮಂದವಾಗಿಯೂ ಕೇಳಿದರೆ, ಸೆಟ್ಟಿಂಗುಗಳ ಗೋಜಿಗೆ ಹೋಗದೆ ಮೊದಲು ಮೈಕನ್ನು ಅರ್ಧ ಸುತ್ತು ತಿರುಗಿಸಿ ನೋಡಿ.

ನಾಲ್ಕನೆಯ ಹೆಜ್ಜೆ: ಗೇಜು ನೋಡುವುದು

ಪರೀಕ್ಷೆಗೆಂದು ಹಾಡುವಾಗ ಯಾರೂ ಪೂರ್ತಿ ದನಿ ತೆಗೆಯುವುದಿಲ್ಲ. ನಿಜವಾದ ಮುದ್ರಣ ಶುರುವಾಗಿ ತಾರ ಷಡ್ಜಕ್ಕೆ ಏರಿದಾಗ ಪಟ್ಟಿ ಕೆಂಪಾಗಿ ದನಿ ಒಡೆಯುತ್ತದೆ. ಆದ್ದರಿಂದ ಹಾಡಿನ ಅತಿ ಜೋರಾದ ಸಾಲನ್ನೇ ಹಾಡಿಸಿ, ಅದರ ತುದಿ −12ರಿಂದ −6 ಡೆಸಿಬೆಲ್‌ಗಳ ನಡುವೆ ನಿಲ್ಲುವಂತೆ ಗೇನನ್ನು ಹೊಂದಿಸಿಕೊಳ್ಳಿ. ಸೊನ್ನೆ ಎಂಬ ಮೇಲ್ಮಿತಿಯನ್ನು ಮುಟ್ಟಿ ಕತ್ತರಿಸಿಹೋದ ದನಿ ಯಾವ ಫಿಲ್ಟರಿನಿಂದಲೂ ಮೊದಲಿನಂತಾಗುವುದಿಲ್ಲ. 24 ಬಿಟ್‌ನಲ್ಲಿ ಮುದ್ರಿಸಿದರೆ ಸ್ವಲ್ಪ ತಗ್ಗಿನಲ್ಲಿ ತೆಗೆದುಕೊಂಡ ದನಿಯನ್ನು ಆಮೇಲೆ ಎತ್ತಿಕೊಳ್ಳಲು ಧಾರಾಳವಾಗಿ ಅವಕಾಶವಿರುತ್ತದೆ.

ಕೆಲವರ ಮುದ್ರಣದಲ್ಲಿ ಅಲೆಯ ತುದಿಗಳು ಸೊನ್ನೆಯನ್ನು ಮುಟ್ಟದಿದ್ದರೂ ಕುಡುಗೋಲಿನಿಂದ ಕೊಯ್ದಂತೆ ಒಂದೇ ಎತ್ತರದಲ್ಲಿ ಮಟ್ಟಸವಾಗಿರುತ್ತವೆ. ದನಿ ಇಂಟರ್‌ಫೇಸಿನಲ್ಲೋ ಸಾಕೆಟ್ಟಿನಲ್ಲೋ ಒಡೆದು, ನಂತರ ತಂತ್ರಾಂಶದಲ್ಲಿ ತಗ್ಗಿಸಲ್ಪಟ್ಟಿದೆ ಎಂಬುದಕ್ಕೆ ಇದು ಸಾಕ್ಷಿ. ಮೇಲಿನ ತೂಬಿನಲ್ಲಿ ಏರಿ ಒಡೆದ ಕಾಲುವೆಯನ್ನು ಕೆಳಗಿನ ತೂಬು ಮುಚ್ಚಿ ಸರಿಪಡಿಸಲಾಗದಂತೆ, ಇದನ್ನು ತಂತ್ರಾಂಶದ ಸ್ಲೈಡರಿನಿಂದ ಸರಿಪಡಿಸಲಾಗದು. ಇಂಟರ್‌ಫೇಸಿನ ಗೇನನ್ನೇ ಇಳಿಸಬೇಕು. 3.5 ಮಿಲಿಮೀಟರ್ ಸಾಕೆಟ್ಟು ಬಳಸುವವರು ವಿಂಡೋಸಿನ ಲೆವೆಲ್ಸ್ ಪುಟದಲ್ಲಿರುವ ಮೈಕ್ರೊಫೋನ್ ಬೂಸ್ಟನ್ನು ನೋಡಿಕೊಳ್ಳಲಿ. ಅದು 10, 20, 30 ಡೆಸಿಬೆಲ್ ಎಂಬ ಮೆಟ್ಟಿಲುಗಳಲ್ಲಿ ಏರುತ್ತದೆ. 30ಕ್ಕೆ ಇಟ್ಟರೆ ಕೋಣೆಯ ಗೋಡೆ ಗಡಿಯಾರವೂ ಹಾಡಿಗೆ ತಾಳ ಹಾಕುತ್ತದೆ.

ಇಂಟರ್‌ಫೇಸಿನ ಒಂದನೆಯ ಸಾಕೆಟ್ಟಿಗೆ ಜೋಡಿಸಿದ ಮೈಕನ್ನು ಸ್ಟೀರಿಯೋದಲ್ಲಿ ಮುದ್ರಿಸಿದರೆ ದನಿ ಎಡಗಿವಿಯಲ್ಲಿ ಮಾತ್ರ ಕೇಳುತ್ತದೆ. ಒಬ್ಬರೇ ಹಾಡುವಾಗ ಮೋನೋ ಎಂದೇ ಆಯ್ದುಕೊಳ್ಳಿ.

ಐದನೆಯ ಹೆಜ್ಜೆ: ಆಲಾಪವನ್ನು ನುಂಗುವ "ಸುಧಾರಣೆ"ಗಳು

ಹಾಡುವವರಿಗೆ ಅತಿ ಹೆಚ್ಚು ಕಾಟ ಕೊಡುವುದು ಇದು, ಆದರೆ ಮೈಕಿನ ದೋಷವೆಂದು ಎಲ್ಲರೂ ತಪ್ಪು ತಿಳಿಯುವುದೂ ಇದನ್ನೇ. ಈಗಿನ ಲ್ಯಾಪ್‌ಟಾಪುಗಳು ವಿಡಿಯೋ ಕರೆಗಳ ಅನುಕೂಲಕ್ಕಾಗಿ ಸದ್ದು ತಗ್ಗಿಸುವ ಏರ್ಪಾಡನ್ನು ಹೊಂದಿರುತ್ತವೆ. ಅದರ ಲೆಕ್ಕಾಚಾರ ಸರಳವಾದದ್ದು: ತುಂಡು ತುಂಡಾಗಿ ಬರುವುದು ಮಾತು, ಒಂದೇ ಸಮನೆ ಬರುವುದು ಫ್ಯಾನಿನಂಥ ಸದ್ದು. ಈ ನ್ಯಾಯದ ಪ್ರಕಾರ ಪಂಚಮದಲ್ಲಿ ನಿಂತು ಎಂಟು ಸೆಕೆಂಡು ಎಳೆದ ಸ್ವರವೂ ತಂಬೂರಿಯ ಶ್ರುತಿಯೂ ಫ್ಯಾನಿನ ಜಾತಿಗೆ ಸೇರಿಬಿಡುತ್ತವೆ. ಸ್ವರ ಆರಂಭದಲ್ಲಿ ಗಟ್ಟಿಯಾಗಿದ್ದು ಕ್ರಮೇಣ ನೀರಿನೊಳಗಿಂದ ಬಂದಂತೆ ಕರಗುವುದು, ಸಾಲಿನ ಕೊನೆಯ ಅಕ್ಷರ ಕಾಣೆಯಾಗುವುದು, ಹಾರ್ಮೋನಿಯಂ ಬಂದು ಬಂದು ಹೋಗುವುದು ಇದರ ಲಕ್ಷಣಗಳು. ಸೌಂಡ್ ಸೆಟ್ಟಿಂಗಿನಲ್ಲಿ ಮೈಕಿನ ಹೆಸರನ್ನೊತ್ತಿ ಆಡಿಯೋ ಎನ್‌ಹಾನ್ಸ್‌ಮೆಂಟ್ಸ್ ಎಂಬುದನ್ನು ಆಫ್ ಮಾಡಿ. ಲ್ಯಾಪ್‌ಟಾಪು ತಯಾರಕರು ತಾವೇ ಹಾಕಿಕೊಟ್ಟಿರುವ ಆಡಿಯೋ ಆ್ಯಪಿನಲ್ಲೂ ಇಂಥದೇ ಗುಂಡಿ ಇರಬಹುದು, ಅದನ್ನೂ ಮರೆಯದೆ ಆರಿಸಬೇಕು. ಮೆಲುದನಿಯನ್ನು ತಾನಾಗಿ ಎತ್ತಿ ಜೋರುದನಿಯನ್ನು ತಾನಾಗಿ ತಗ್ಗಿಸುವ ಆಟೋ ಗೇನ್ ಕೂಡ ಹಾಡಿನ ಏರಿಳಿತವನ್ನೆಲ್ಲ ಇಸ್ತ್ರಿ ಹೊಡೆದು ಚಪ್ಪಟೆ ಮಾಡುತ್ತದೆ.

ಬ್ಲೂಟೂತ್ ಇಯರ್‌ಫೋನು ಹಾಕಿಕೊಂಡು ಅದರ ಮೈಕಿನಿಂದಲೇ ಹಾಡುವವರಿಗೆ ಟೆಲಿಫೋನಿನಲ್ಲಿ ಹಾಡಿದಂಥ ದನಿ ಬರುವುದು ಸಹಜ. ಮೈಕನ್ನು ಬಳಸತೊಡಗಿದ ಕೂಡಲೇ ಅದು ಕರೆಗಳಿಗಾಗಿ ಇರುವ ಕಡಿಮೆ ಗುಣಮಟ್ಟದ ವಿಧಾನಕ್ಕೆ ಇಳಿಯುತ್ತದೆ. ಮುದ್ರಣಕ್ಕೆ ತಂತಿಯ ಹೆಡ್‌ಫೋನೇ ಆಗಬೇಕು.

ಆರನೆಯ ಹೆಜ್ಜೆ: ಗುಂಯ್ ಎನ್ನುವ ಸದ್ದು

ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ 50 ಬಾರಿ ಕಂಪಿಸುತ್ತದೆ. ಮುದ್ರಣದ ಹಿಂದೆ ಜೇನುಗೂಡಿನಂತೆ ಗುಂಯ್ ಎನ್ನುವ ಸದ್ದು ಈ 50 ಹರ್ಟ್ಸ್ ಮತ್ತು ಅದರ ಮಡಿಗಳಾದ 100, 150 ಹರ್ಟ್ಸ್‌ಗಳಿಂದ ಆದದ್ದು. ಇದನ್ನು ಹುಡುಕಲು ಮೊದಲು ಲ್ಯಾಪ್‌ಟಾಪಿನ ಚಾರ್ಜರನ್ನು ಕಿತ್ತುಬಿಡಿ. ಸದ್ದು ಕೂಡಲೇ ನಿಂತರೆ ಅದು ಚಾರ್ಜರಿನ ದಾರಿಯಿಂದ ಬಂದದ್ದು. ಬ್ಯಾಟರಿಯಲ್ಲೇ ಮುದ್ರಿಸುವುದು ಅತಿ ಸುಲಭದ ಪರಿಹಾರ. ಲ್ಯಾಪ್‌ಟಾಪಿನ ಲೋಹದ ಭಾಗವನ್ನು ಅಥವಾ ಮೈಕಿನ ಮೈಯನ್ನು ಕೈಯಿಂದ ಮುಟ್ಟಿದಾಗ ಸದ್ದು ತಗ್ಗಿದರೆ ಅರ್ಥಿಂಗ್ ಸರಿಯಿಲ್ಲವೆಂದು ಅನುಮಾನಿಸಬೇಕು. ನಮ್ಮಲ್ಲಿ ಏಪ್ರಿಲ್ ಮೇ ತಿಂಗಳ ಬಿಸಿಲಿಗೆ ಎರೆಮಣ್ಣು ಬಾಯಿಬಿಟ್ಟು ಅರ್ಥಿಂಗ್ ಗುಂಡಿಯೂ ಒಣಗುತ್ತದೆ. ಮಣ್ಣಿನ ತೇವ ಆರಿದಷ್ಟೂ ವಿದ್ಯುತ್ತು ನೆಲಕ್ಕಿಳಿಯುವ ದಾರಿ ಕಿರಿದಾಗುತ್ತದೆ. ಗುಂಡಿಗೆ ನೀರು ಹಾಕಿಸಿ, ಗೊತ್ತಿರುವ ಎಲೆಕ್ಟ್ರಿಷಿಯನ್ನರಿಂದ ಪರೀಕ್ಷೆ ಮಾಡಿಸಿರಿ. ಸದ್ದು ಕಡಿಮೆಯಾಗುತ್ತದೆಂದು ಯಾರಾದರೂ ಪ್ಲಗ್ಗಿನ ಮೂರನೆಯ ದಪ್ಪ ಪಿನ್ನನ್ನು ಕಿತ್ತುಹಾಕಲು ಹೇಳಿದರೆ ಕೇಳಬೇಡಿ. ಆ ಪಿನ್ನು ಜೀವ ಕಾಯುವ ಪಿನ್ನು.

ಚಾರ್ಜರು ಕಾರಣವಲ್ಲವಾದರೆ ಕೋಣೆಯ ಫ್ಯಾನಿನ ರೆಗ್ಯುಲೇಟರನ್ನು ನೋಡಿ. ವಿದ್ಯುತ್ತಿನ ಅಲೆಯನ್ನು ಕತ್ತರಿಸಿ ವೇಗ ತಗ್ಗಿಸುವ ಎಲೆಕ್ಟ್ರಾನಿಕ್ ರೆಗ್ಯುಲೇಟರುಗಳು ತಂತಿಗಳಿಗೆ ಕಿರಿಕಿರಿ ಸದ್ದನ್ನು ದಾಟಿಸುತ್ತವೆ. ಫ್ಯಾನನ್ನು ಪೂರ್ತಿ ವೇಗದಲ್ಲಿಟ್ಟರೆ ಅಥವಾ ನಿಲ್ಲಿಸಿದರೆ ಆ ಸದ್ದು ಹೋಗುತ್ತದೆಯೇ ಎಂದು ಪರೀಕ್ಷಿಸಿ. ಕರೆಂಟು ಹೋಗಿ ಇನ್‌ವರ್ಟರು ಶುರುವಾದಾಗ ಮಾತ್ರ ಸದ್ದು ಬರುವುದಾದರೆ ಅದು ಸ್ಕ್ವೇರ್ ವೇವ್ ಮಾದರಿಯ ಇನ್‌ವರ್ಟರಿರಬೇಕು. ಶಕ್ತಿನಗರದ ಶಾಖೋತ್ಪನ್ನ ವಿದ್ಯುತ್ ಕೇಂದ್ರ ನಮ್ಮ ರಾಯಚೂರು ಜಿಲ್ಲೆಯಲ್ಲೇ ಇದ್ದರೂ ಕರೆಂಟು ಹೋಗುವುದು ತಪ್ಪಿಲ್ಲ. ಆದರೆ ನನ್ನ ಅತಿ ಶುಭ್ರವಾದ ಮುದ್ರಣಗಳು ಇನ್‌ವರ್ಟರನ್ನೂ ಆರಿಸಿ, ಬ್ಯಾಟರಿಯ ಮೇಲಿರುವ ಲ್ಯಾಪ್‌ಟಾಪಿನಲ್ಲಿ, ಬೀದಿಯೆಲ್ಲ ಕತ್ತಲಾದಾಗಲೇ ಆಗಿವೆ ಎಂಬುದನ್ನು ಒಪ್ಪಿಕೊಳ್ಳಬೇಕು. ಮೈಕಿನ ತಂತಿಯನ್ನು ವಿದ್ಯುತ್ ತಂತಿಯ ಜೊತೆ ಒಂದೇ ಸುರುಳಿಯಾಗಿ ಸುತ್ತಿಡಬಾರದು. ದಾಟಲೇಬೇಕಾದಲ್ಲಿ ಅಡ್ಡಲಾಗಿ ದಾಟಿಸಬೇಕು.

ಫ್ಯಾನಿನ ಗಾಳಿಯ ಸಪ್ಪಳ ಬೇರೆಯದೇ ಕಥೆ. ಸೆಕೆ 40 ಡಿಗ್ರಿ ದಾಟಿದ ಮಧ್ಯಾಹ್ನ ರಾಯಚೂರಿನಲ್ಲೋ ಬಳ್ಳಾರಿಯಲ್ಲೋ ಫ್ಯಾನು ಆರಿಸಿ ಹಾಡಿ ಎಂದು ಯಾರಿಗೂ ಹೇಳಲಾಗದು. ಹೃದಯದಾಕಾರದ ಚಿಹ್ನೆಯಿರುವ, ಮುಂದಿನ ದನಿಯನ್ನೇ ಹೆಚ್ಚಾಗಿ ಹಿಡಿಯುವ ಕಾರ್ಡಿಯಾಯ್ಡ್ ಮೈಕು ತನ್ನ ನೇರ ಬೆನ್ನ ಹಿಂದಿನ ಸದ್ದನ್ನು ಅತಿ ಕಡಿಮೆ ಹಿಡಿಯುವುದರಿಂದ ಟೇಬಲ್ ಫ್ಯಾನನ್ನೂ ಲ್ಯಾಪ್‌ಟಾಪನ್ನೂ ಮೈಕಿನ ಬೆನ್ನಿನ ಕಡೆಗಿರಿಸಿ, ಒಂದೊಂದು ಚರಣಕ್ಕೊಮ್ಮೆ ಫ್ಯಾನು ನಿಲ್ಲಿಸಿ ಹಾಡಿಸಿ, ಮತ್ತೆ ಹಾಕಿ. ಕೂಲರನ್ನಂತೂ ದೂರವಿಡಲೇಬೇಕು. ಮುದ್ರಣದ ಆರಂಭದಲ್ಲಿ ಹತ್ತು ಸೆಕೆಂಡು ಯಾರೂ ಉಸಿರೆತ್ತದೆ ಕೂತು ಖಾಲಿ ಕೋಣೆಯ ಸದ್ದನ್ನು ಹಿಡಿದಿಟ್ಟುಕೊಂಡರೆ, ಉಳಿದ ಅಲ್ಪಸ್ವಲ್ಪ ಸಪ್ಪಳವನ್ನು ನಂತರ ನಾಯ್ಸ್ ರಿಡಕ್ಷನ್ನಿನಿಂದ ತೆಗೆಯಲು ಅದು ಮಾದರಿಯಾಗುತ್ತದೆ. ಖಾಲಿ ಗೋಡೆಗಳ ಮಾರ್ದನಿಗೆ ನಮ್ಮ ಮನೆಗಳಲ್ಲಿ ಮೊದಲೇ ಇರುವ ಮದ್ದು ಕೌದಿ. ಹಾಡುವವರ ಬೆನ್ನ ಹಿಂದೆ ಹಗ್ಗ ಕಟ್ಟಿ ಎರಡು ದಪ್ಪ ಕೌದಿಗಳನ್ನು ನೇತುಹಾಕಿದರೆ ಮಾರುಕಟ್ಟೆಯ ತೆಳು ಸ್ಪಂಜಿನ ಹಾಳೆಗಳಿಗಿಂತ ಚೆನ್ನಾಗಿ ಕೆಲಸ ಮಾಡುತ್ತವೆ.

ಏಳನೆಯ ಹೆಜ್ಜೆ: ತಡವಾಗಿ ಕೇಳುವ ದನಿ, ಏರಿಹೋದ ಶ್ರುತಿ

ಹೆಡ್‌ಫೋನಿನಲ್ಲಿ ನಮ್ಮ ದನಿಯೇ ಒಂದು ಕ್ಷಣ ತಡವಾಗಿ ಕೇಳಿಸಿದರೆ ತಾಳ ತಪ್ಪದೆ ಹಾಡಲು ಯಾರಿಂದಲೂ ಆಗದು. ಕಂಪ್ಯೂಟರು ದನಿಯನ್ನು ಬಫರ್ ಎಂಬ ಕೊಡಗಳಲ್ಲಿ ತುಂಬಿ ತುಂಬಿ ಸಾಗಿಸುತ್ತದೆ. ಸೆಕೆಂಡಿಗೆ 44,100 ಸ್ಯಾಂಪಲ್‌ಗಳ (ದನಿಯ ಅಳತೆಗಳ) ವೇಗದಲ್ಲಿ 256 ಸ್ಯಾಂಪಲ್‌ಗಳ ಒಂದು ಕೊಡ ತುಂಬಲು ಸುಮಾರು 6 ಮಿಲಿಸೆಕೆಂಡು, 1024ರದಕ್ಕೆ ಸುಮಾರು 23 ಮಿಲಿಸೆಕೆಂಡು ಬೇಕು, ಮತ್ತು ದನಿ ಒಳಗೆ ಹೋಗುವಾಗಲೂ ಹೊರಗೆ ಬರುವಾಗಲೂ ಕಾಯಬೇಕಾಗುತ್ತದೆ. ಇಂಟರ್‌ಫೇಸಿನಲ್ಲಿ ಡೈರೆಕ್ಟ್ ಮಾನಿಟರ್ ಗುಂಡಿ ಇದ್ದರೆ ಅದನ್ನೊತ್ತಿ, ತಂತ್ರಾಂಶದ ಪ್ಲೇ ಥ್ರೂ ಆಯ್ಕೆಯನ್ನೂ ವಿಂಡೋಸಿನ ಲಿಸನ್ ಟು ದಿಸ್ ಡಿವೈಸ್ ಆಯ್ಕೆಯನ್ನೂ ತೆಗೆದುಬಿಡಿ. ದನಿ ಕಂಪ್ಯೂಟರಿಗೆ ಹೋಗಿ ಬರುವ ಸುತ್ತು ತಪ್ಪಿ ನೇರವಾಗಿ ಕಿವಿಗೆ ಬರುತ್ತದೆ. ಎರಡೂ ಒಟ್ಟಿಗೆ ಆನ್ ಇದ್ದರೆ ಒಂದೇ ದನಿ ಎರಡು ಸಲ ಕೇಳುತ್ತದೆ. ಕೊಡ ತೀರ ಚಿಕ್ಕದಾದರೆ ಕಂಪ್ಯೂಟರು ತುಂಬಿಸಲಾರದೆ ಚಟ್ ಚಟ್ ಎಂಬ ಸಿಡಿತ ಬರುತ್ತದೆ. ಆಗ ಬಫರನ್ನು ಒಂದು ಮೆಟ್ಟಿಲು ಹೆಚ್ಚಿಸಿ.

ಸಂಗೀತದ ಟ್ರ್ಯಾಕಿನ ಮೇಲೆ ಹಾಡಿದ್ದು ಆಮೇಲೆ ಹಿಂದೆ ಮುಂದೆ ಸರಿದಂತೆ ಕಂಡರೆ ಅದನ್ನು ಸರಿಹೊಂದಿಸುವ ಲೇಟೆನ್ಸಿ ಕಾಂಪೆನ್ಸೇಷನ್ ಎಂಬ ಅಂಕಿ ಆಡಾಸಿಟಿಯಲ್ಲಿದೆ. ಮೊದಲಿಗೆ ಅದು −130 ಮಿಲಿಸೆಕೆಂಡ್ ಎಂದಿರುತ್ತದೆ. ಹೆಡ್‌ಫೋನಿನ ಒಂದು ಬಟ್ಟಲನ್ನು ಮೈಕಿಗೆ ಒತ್ತಿ ಹಿಡಿದು, ಟಿಕ್ ಟಿಕ್ ಎನ್ನುವ ಟ್ರ್ಯಾಕೊಂದನ್ನು ನುಡಿಸುತ್ತಲೇ ಮುದ್ರಿಸಿ, ಎರಡರ ನಡುವಿನ ಅಂತರ ಅಳೆದು ಆ ಅಂಕಿಯನ್ನು ನಿಮ್ಮ ಕಂಪ್ಯೂಟರಿಗೆ ತಕ್ಕಂತೆ ಬದಲಿಸಿ.

ಶ್ರುತಿಯೇ ಏರಿಹೋಗುವ ಪ್ರಕರಣ ಅಪರೂಪವಾದರೂ ಅನುಭವಿಸಿದವರಿಗೆ ತಲೆ ಕೆಡುತ್ತದೆ. 44,100ರಲ್ಲಿ ಮುದ್ರಿಸಿದ್ದನ್ನು ಯಾವುದೋ ತಂತ್ರಾಂಶವು 48,000ದ್ದೆಂದು ತಿಳಿದು ನುಡಿಸಿದರೆ, ಬಿಳಿ ಒಂದರಲ್ಲಿ ಹಾಡಿದ್ದು ಕರಿ ಒಂದಕ್ಕೂ ಬಿಳಿ ಎರಡಕ್ಕೂ ನಡುವೆ, ಹಾರ್ಮೋನಿಯಂನ ಯಾವ ಮನೆಗೂ ಸೇರದೆ ನಿಲ್ಲುತ್ತದೆ, ಲಯವೂ ಅಷ್ಟೇ ಚುರುಕಾಗುತ್ತದೆ. ವಿಂಡೋಸಿನ ಮೈಕ್ ಪ್ರಾಪರ್ಟೀಸ್, ಇಂಟರ್‌ಫೇಸಿನ ಡ್ರೈವರು, ತಂತ್ರಾಂಶದ ಪ್ರಾಜೆಕ್ಟು ಈ ಮೂರರಲ್ಲೂ ಒಂದೇ ಅಂಕಿ ಇರಲಿ. ಹಾಡಿಗೆ 44,100, ವಿಡಿಯೋದ ಜೊತೆ ಹೋಗುವುದಾದರೆ 48,000.

ಕೊನೆಗೆ ಬಾಯಿ, ಮತ್ತು ಅಂಗಡಿ

ಇಷ್ಟೆಲ್ಲ ಸರಿಯಿದ್ದೂ ಪ, ಬ, ಭ ಅಕ್ಷರಗಳ ಬಳಿ ಡಬ್ ಎಂಬ ಹೊಡೆತ ಬರುತ್ತಿದ್ದರೆ ಅಂಗೈಯನ್ನು ಬಾಯೆದುರು ಹಿಡಿದು "ಕಪ್ಪು ಕುಂಕುಮ, ಕೆಂಪು ಕುಂಕುಮ" ಎಂದು ಹೇಳಿ ನೋಡಿ. ಯಾವ ಅಕ್ಷರಕ್ಕೆ ಗಾಳಿ ಕೈಗೆ ತಾಗುತ್ತದೆಯೋ ಅದೇ ಮೈಕಿಗೂ ತಾಗುತ್ತಿದೆ. ಬಾಯಿಗೂ ಮೈಕಿಗೂ ಒಂದು ಗೇಣು ಅಂತರವಿಟ್ಟು, ಮೈಕನ್ನು ಬಾಯಿಯ ನೇರಕ್ಕಿಂತ ತುಸು ಓರೆಯಾಗಿಸಿ, ನಡುವೆ ಕಸೂತಿ ಹಾಕುವ ಬಳೆಗೆ ತೆಳುವಾದ ನೈಲಾನ್ ಬಟ್ಟೆ ಬಿಗಿದು ನಿಲ್ಲಿಸಿದರೆ ಸಾಕು.

ಹೊಸ ಮೈಕು ಕೊಳ್ಳುವ ಯೋಚನೆ ಬಂದಾಗ ಮೊದಲು ತಂತಿಯನ್ನು ಬದಲಿಸಿ ನೋಡಿ. ಮುದ್ರಣ ನಡೆಯುತ್ತಿರುವಾಗ ತಂತಿಯನ್ನು ಪ್ಲಗ್ಗಿನ ಬುಡದಲ್ಲಿ ಮೆಲ್ಲಗೆ ಬಳುಕಿಸಿ. ಅಲ್ಲಿ ಚರಪರ ಸದ್ದಾದರೆ ಬೆಸುಗೆ ಬಿಟ್ಟಿದೆ, ರೇಡಿಯೋ ರಿಪೇರಿ ಮಾಡುವವರು ಅದನ್ನು ಕುಳಿತಲ್ಲೇ ಬೆಸೆದುಕೊಡುತ್ತಾರೆ. ಬಳ್ಳಾರಿ, ಸಂಡೂರಿನ ಕೆಂಪು ಧೂಳಿನ ದಾರಿಯಲ್ಲಿ, ಗಂಗಾವತಿ, ಕಾರಟಗಿಯ ಅಕ್ಕಿಗಿರಣಿಗಳ ಹೊಟ್ಟಿನ ನಡುವೆ ಮೈಕು ಹೊತ್ತು ತಿರುಗುವವರು ಸಾಕೆಟ್ಟುಗಳನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ತಾಗಿಸಿದ ಹತ್ತಿಕಡ್ಡಿಯಿಂದ ಆಗಾಗ ಒರೆಸಿ, ಬಳಸದಿದ್ದಾಗ ಮೈಕಿಗೆ ಒಂದು ಚೀಲ ತೊಡಿಸಿಡಬೇಕು. ಅಷ್ಟಾದರೂ ಕೊಳ್ಳಲೇಬೇಕಾಗಿ ಬಂದರೆ ಅಂಗಡಿಗೆ ನಿಮ್ಮದೇ ಲ್ಯಾಪ್‌ಟಾಪು, ತಂತಿ, ಹೆಡ್‌ಫೋನುಗಳನ್ನು ಒಯ್ದು, ದುಡ್ಡು ಕೊಡುವ ಮುನ್ನ ಅಲ್ಲಿಯೇ ಒಂದು ಚರಣ ಮುದ್ರಿಸಿ ಕೇಳಿರಿ. ಎಲ್ಲವೂ ಸರಿಹೊಂದಿದ ದಿನ ಇಂಟರ್‌ಫೇಸಿನ ಗುಂಡಿಗಳು ಯಾವ ಅಂಕಿಯಲ್ಲಿವೆ, ಮೈಕು ಎಷ್ಟು ದೂರದಲ್ಲಿದೆ ಎಂಬುದನ್ನು ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ, ಜೊತೆಗೆ ಅಂದಿನ ಹತ್ತು ಸೆಕೆಂಡಿನ ತುಣುಕೊಂದನ್ನೂ ಉಳಿಸಿ. ಮುಂದಿನ ಸಲ ದನಿ ಬೇರೆಯಾಗಿ ಕೇಳಿಸಿದಾಗ ಹೋಲಿಸಿ ನೋಡಲು ಅದೇ ಮೊದಲ ಗೇಜು.